ಎಪ್ಪತ್ತಮೂರನೆಯ ಹೂಂ

ಇರುವೆಯೊಂದು ಕಥೆಮಣೆಯ ಕಾಲು ಹತ್ತುತ್ತಿದೆ, ಬಾಯಲ್ಲಿ ಸಕ್ಕರೆ ಹರಳು, ಪ್ರಸಾದ ಇನ್ನೂ ಹಂಚಿಯೇ ಇಲ್ಲ ಇದಕ್ಕೆಲ್ಲಿ ಸಿಕ್ಕಿತೋ, ಅರ್ಧ ಹತ್ತಿ ನಿಂತುಬಿಟ್ಟಿತು, ದಾರಿ ಮರೆತಿರಬೇಕು, ಮರೆಯಲಿ, ಈ ಮಣೆ ಹತ್ತಿದವರೆಲ್ಲ ಒಂದು ದಿನ ದಾರಿ ಮರೆಯುವವರೇ — ಹೂಂ, ಅಂದಳು ಅನಂತಮ್ಮ, ನಲವತ್ತೇಳನೆಯ ಪದಕ್ಕೆ, ಹೊಟ್ಟೆಯಲ್ಲಿ ಎದ್ದು ಮೂಗಿನಲ್ಲಿ ಮುಗಿಯುವ ಹೂಂ, ಅಪ್ಪ ಕಲಿಸಿದ್ದು, ಗಂಟಲಲ್ಲಿ ಅನ್ನಬೇಡ ಮಗಾ, ಗಂಟಲು ಸುಳ್ಳು ಹೇಳ್ತೈತೆ. ಶ್ರಾವಣದ ಎರಡನೆಯ ಶನಿವಾರ, ಮಡಕಶಿರಾದಿಂದ ಆರು ಮೈಲಿಯ ಈ ಹುಟ್ಟೂರಿನ ಆಂಜನೇಯನ ಗುಡಿ, ಮೂರು ಗಂಟೆಯ ಬಿಸಿಲು ಕಂಬದ ಬುಡಕ್ಕೆ ಬಂದು ಕೂತಿದೆ, ಮೊಣಕಾಲೆತ್ತರದ ಹುಣಸೆಮರದ ಮಣೆಯ ಮೇಲೆ ಮೂಡಲಗಿರಿಯಪ್ಪ ಹನುಮನ ಕಥೆ ಹೇಳುತ್ತಿದ್ದಾನೆ, ನೂರೆಂಟು ಪದ, ಎಲ್ಲೂ ಬರೆದಿಟ್ಟದ್ದಲ್ಲ, ಬಾಯಿಂದ ಕಿವಿಗೆ, ಕಿವಿಯಿಂದ ಬಾಯಿಗೆ ಬಂದದ್ದು, ಎದುರಿಗೆ ಚಾಪೆಯ ಮೇಲೆ ಅವಳು, ಪದಪದಕ್ಕೂ ಹೂಂ ಅನ್ನುವವಳು. ಹೂಂ ಅಂದರೆ ಪದ ಸರಿ, ಮುಂದೆ ನಡಿ. ಹೂಂ ಬರದಿದ್ದರೆ ಪದ ತಪ್ಪು, ತಿರುಗಿ ಹೇಳು. ಒಂದೇ ದಿನ ಮೂರು ಸಲ ಹೂಂ ಬರದೆ ಹೋದರೆ ಮಾತಿಲ್ಲದೆ ಮಣೆಯಿಂದ ಇಳಿಯಬೇಕು, ಇಳಿದವನು ಮತ್ತೆ ಹತ್ತುವ ಹಾಗಿಲ್ಲ, ಯಾಕೆ ಅಂತ ಯಾರೂ ಕೇಳುವ ಹಾಗಿಲ್ಲ, ಈ ಗುಡಿಯ ಕಟ್ಟಳೆ ಅದು. ಇವತ್ತು ಎರಡು ಆಗಿದೆ. ಹತ್ತೊಂಬತ್ತರಲ್ಲಿ ಜಾಂಬವಂತನ ಬಾಯಿಗೆ ಅಂಗದನ ಮಾತು ಇಟ್ಟ, ನಲವತ್ತಾರರಲ್ಲಿ ಎರಡನೆಯ ಸಾಲನ್ನೇ ನುಂಗಿದ, ಎರಡು ಸಲವೂ ಅವಳು ತುಟಿ ಬಿಚ್ಚಲಿಲ್ಲ, ಅವನು ಕಣ್ಣು ಪಿಳಿಪಿಳಿ ಬಿಟ್ಟು ತಡವರಿಸಿ ತಿರುಗಿ ಹೇಳಿದ. ಎರಡು. ಅಯ್ಯಾ ಆಂಜನೇಯ, ಕೇಳಿಕೊಂಡಿದ್ದನ್ನ ಕೇಳಿಕೊಂಡ ಹಾಗೇ ಕೊಟ್ಟೆಯಲ್ಲಪ್ಪ — ನಲವತ್ತೆಂಟು, ಹೂಂ.

ತಾನೀಗ ಇರುವ ರಾಯದುರ್ಗದ ಹತ್ತಿರ, ನೇಮಕಲ್ಲಿನ ಆಂಜನೇಯನ ಗುಡಿಯಲ್ಲಿ ಐದು ವರ್ಷದಿಂದ ಅದೇ ಬೇಡಿಕೆ, ಬೇರೆಯವರು ಮಕ್ಕಳನ್ನ ಬೇಡಿಕೊಂಡರು, ಮಗಳಿಗೆ ಗಂಡು ಬೇಡಿಕೊಂಡರು, ಅನಂತಮ್ಮ ಎರಡು ತಪ್ಪು ಬೇಡಿಕೊಂಡಳು, ಮುದುಕನ ಬಾಯಿಂದ ಎರಡೇ ಎರಡು ತಪ್ಪು ಕೊಡಪ್ಪ ಸ್ವಾಮಿ, ಮೂರನೆಯದು ನನ್ನ ಹತ್ತಿರ ಐತೆ. ಪ್ರದಕ್ಷಿಣೆ ನೂರೆಂಟು, ಬೆರಳು ಮಡಿಸದೆ, ಕಡ್ಡಿ ಇಡದೆ, ಒಂದೊಂದು ಸುತ್ತಿಗೆ ಒಂದೊಂದು ಪದ, ಪದವೇ ಲೆಕ್ಕ, ಕೊನೆಯ ಸುತ್ತು ಮುಗಿದಾಗ ಕೊನೆಯ ಪದ ಮುಗಿದಿರಬೇಕು, ಒಂದು ಹೆಚ್ಚುಕಮ್ಮಿಯಾದರೂ ಮೊದಲಿಂದ. ಇದೇನಮ್ಮ ಅತ್ತಿ, ದೇವ್ರಿಗೇ ತಲಿ ತಿರುಗ್ತತಿ ನಿನ್ನ ನೋಡಿ, ಅಂತ ನಕ್ಕವಳು ಜ್ಯೋತಿ, ನಾದಿನಿಯ ಮಗಳು, ರಾಯದುರ್ಗದ ಮನೆಯಲ್ಲಿ ಜೊತೆಗಿರುವವಳು, ಫೋನಿನಲ್ಲಿ ಏನೇನೋ ಓದುವವಳು, ಅತ್ತಿ, ಎಡಗೈಲಿ ಹಲ್ಲುಜ್ಜಿದ್ರ ಮೆದುಳು ಚುರುಕಾಗ್ತತಂತ, ದಿನಾ ಹೋಗೋ ದಾರಿ ಬಿಟ್ಟು ಬ್ಯಾರೆ ದಾರಿಲಿ ಹೋಗ್ಬೇಕಂತ. ಅವಳು ಓದಿ ಮರೆತಳು, ಅನಂತಮ್ಮ ಮರುದಿನದಿಂದಲೇ ಎಡಗೈ, ಹಲ್ಲಿಗೆ ಎಡಗೈ, ತಲೆ ಬಾಚಲು ಎಡಗೈ, ಒಂದು ವಾರ ಬೈತಲೆ ಸೊಟ್ಟ, ಹೊಲಿಗೆ ಕಾರ್ಖಾನೆಯಲ್ಲಿ ಪಕ್ಕದ ಮಿಷನ್ನಿನ ಪಾಲಮ್ಮ ನೋಡಿದವಳೇ ಯಾಕವ್ವ ಅನಂತಕ್ಕ, ಬಸ್ಸಿನಾಗ ಜಗಳಾಡಿ ಬಂದ್ಯೇನು, ಅಂದಳು, ಹೂನವ್ವ, ತಲೆ ಜೊತೆ ಜಗಳ, ಅಂದಳು ಇವಳು. ಸಂತೆಗೆ ಚೀಟಿ ಬರೆಯುವುದಿಲ್ಲ, ಹನ್ನೆರಡು ಸಾಮಾನು ಮನೆಯ ಒಳಗೆ ಒಂದೊಂದು ಜಾಗದಲ್ಲಿ ಇಟ್ಟ ಹಾಗೆ ಮನಸ್ಸಿನಲ್ಲಿ ಇಟ್ಟು ಹೋಗುತ್ತಾಳೆ, ಹೊಸ್ತಿಲ ಮೇಲೆ ಕಡಲೆಬೇಳೆ, ಒಲೆಯ ಮೇಲೆ ಹುಣಸೆಹಣ್ಣು, ದೇವರ ಗೂಡಿನಲ್ಲಿ ಬೆಳ್ಳುಳ್ಳಿ, ತಪ್ಪಾಯಿತಪ್ಪ ಸ್ವಾಮಿ ಬೆಳ್ಳುಳ್ಳಿ ಅಲ್ಲಿಡಬಾರದು, ಅದಕ್ಕೇ ಅದು ಮರೆಯುವುದಿಲ್ಲ. ಹಾಲಿನವನಿಗೆ ಕನ್ನಡ, ಬ್ಯಾಂಕಿನಲ್ಲಿ ತೆಲುಗು, ಮಧ್ಯೆ ಮನಸ್ಸಿನಲ್ಲಿ ಒಂದನ್ನು ಇನ್ನೊಂದಕ್ಕೆ ತಿರುಗಿಸುವುದು. ಇವತ್ತು ಬೆಳಿಗ್ಗೆ ರಾಯದುರ್ಗದಲ್ಲಿ ಬಸ್ಸು ಹತ್ತಿದಾಗಿನಿಂದ ನೂರೆಂಟು ಪದ ಹಿಂದಿನಿಂದ ಮುಂದಕ್ಕೆ, ಕಲ್ಯಾಣದುರ್ಗದಲ್ಲಿ ದಿಗಂಡಿ ದಿಗಂಡಿ ಅಂತ ಕಂಡಕ್ಟರ್ ತೆಲುಗಿನಲ್ಲಿ ಇಳಿಯಲು ಕೂಗಿದಾಗ ಅರವತ್ತೆರಡರಲ್ಲಿದ್ದಳು, ಇಳಿದು ಇನ್ನೊಂದು ಬಸ್ಸು ಹತ್ತಿ ಕೂತು ಅರವತ್ತೊಂದರಿಂದಲೇ ಹಿಡಿದಳು, ಎಳೆ ತುಂಡಾಗಲಿಲ್ಲ, ಐವತ್ತಾರು ವರ್ಷದ ತಲೆ, ಕತ್ತರಿಯ ಹಾಗಿದೆ, ಸಾಣೆ ಹಿಡಿದೂ ಹಿಡಿದೂ ಇಟ್ಟ ಕತ್ತರಿ — ಐವತ್ತೊಂದು, ಹೂಂ.

ಜೀನ್ಸ್ ಹೊಲಿಯುವ ಕಡೆ ಕಲಿತದ್ದೂ ಅದನ್ನೇ. ಬಟ್ಟೆಯನ್ನು ಪದರ ಪದರ ಹಾಸಿ ಒಟ್ಟಿಗೆ ಕತ್ತರಿಸುತ್ತಾರೆ, ಒಂದೊಂದು ತುಂಡಿಗೂ ನಂಬರು, ಹದಿನೇಳನೆಯ ಪದರದ ಎಡಗಾಲಿಗೆ ಹದಿನೇಳರ ಬಲಗಾಲೇ ಸೇರಬೇಕು, ಹದಿನೆಂಟರದು ಸೇರಿದರೆ ಮಿಷನ್ನಿನ ಕೆಳಗೆ ಗೊತ್ತಾಗುವುದಿಲ್ಲ, ಒಗೆದು ಬಿಸಿಲಿಗೆ ಹಾಕಿದಾಗ ಒಂದು ಕಾಲು ಕಡುನೀಲಿ ಇನ್ನೊಂದು ಕಾಲು ಬೂದಿ. ಬೆಳಿಗ್ಗೆ ಕಂಡ ನಂಬರುಗಳನ್ನೆಲ್ಲ ಸಂಜೆ ಬಾಗಿಲು ದಾಟುವ ಮುಂಚೆ ಒಪ್ಪಿಸಿ ಹೊರಗೆ ಕಾಲಿಡುತ್ತಾಳೆ, ಯಾರಿಗೆ ಒಪ್ಪಿಸುತ್ತಾಳೆ, ಯಾರಿಗೂ ಇಲ್ಲ, ತನಗೇ. ಮಿಷನ್ನಿನ ಸದ್ದಿಗೆ ಪದ ಕೂರಿಸಿ ಹೇಳಿಕೊಳ್ಳುತ್ತಾ ಕೂತಾಗ ಒಂದು ಪದ ಮಾತ್ರ ಪ್ರತಿ ಸಲ ಕಣ್ಣಿಗೆ ಚುಚ್ಚುತ್ತದೆ, ಎಪ್ಪತ್ತಮೂರು, ಅದರ ಕೊನೆಯ ತುಂಡು ಬೇರೆ ಥಾನಿನದು, ಬಣ್ಣ ಬೇರೆ, ನೇಯ್ಗೆ ಬೇರೆ, ಮೂವತ್ತೊಂಬತ್ತು ವರ್ಷದ ಹಿಂದೆ ಮೂಡಲಗಿರಿಯಪ್ಪ ತಂದು ಹೊಲಿದದ್ದು, ಜನ ಅದನ್ನೇ ಉಟ್ಟುಕೊಂಡು ತಿರುಗುತ್ತಿದ್ದಾರೆ — ಐವತ್ತಾರು, ಹೂಂ, ಇದರಲ್ಲಿ ಸ್ವಲ್ಪ ಎಡವಿದನೇ, ಇಲ್ಲ, ಉಗುಳು ನುಂಗಿದ ಅಷ್ಟೆ, ಎಡವಬೇಡ ಈಗ, ಇಲ್ಲಿ ಎಡವಬೇಡಪ್ಪ ಗಿರಿಯಣ್ಣ, ನಿಧಾನಕ್ಕೆ ಬಾ, ಜೋಪಾನ, ಅರವತ್ತು ಎಪ್ಪತ್ತು ದಾಟಿ ಬಾ, ನಿನ್ನನ್ನ ಎಲ್ಲಿ ಇಳಿಸಬೇಕೋ ಅಲ್ಲೇ ಇಳಿಸ್ತೀನಿ.

ಈ ಮಣೆಯ ಮೇಲೆ ಆಗ ಅಪ್ಪ ಇದ್ದ, ಮುದ್ದಪ್ಪ, ಕಥೆ ಮುದ್ದಪ್ಪ ಅಂದರೆ ಸುತ್ತ ಹತ್ತೂರಿಗೆ ಗೊತ್ತು, ಕುರಿ ಕಾಯುತ್ತಾ ಕಲಿತವನು, ಕುರಿ ಮುಂದೆಯೇ ಮಗಳಿಗೂ ಹೇಳಿಕೊಟ್ಟವನು, ಹೆಣ್ಣು ಮಣೆ ಹತ್ತೋಕಿಲ್ಲ, ಹತ್ತದಿದ್ರೆ ಬಿಡು, ಕಿವಿಯಾದ್ರೂ ಒಂದು ಗಟ್ಟಿ ಇರ್ಲಿ ಮನೇಲಿ. ಎದುರಿನ ಚಾಪೆಯ ಮೇಲೆ ಶಿಷ್ಯ ಮೂಡಲಗಿರಿಯಪ್ಪ, ಮೂವತ್ತೈದರ ಗಂಡಸು, ಅಪ್ಪನ ಎಲೆಯಲ್ಲಿ ಉಂಡವನು, ಅಪ್ಪನ ಕಂಬಳಿಯಲ್ಲಿ ಮಲಗಿದವನು. ಆ ಶ್ರಾವಣ ಅಪ್ಪನಿಗೆ ಮರೆವು ಶುರುವಾಗಿತ್ತು ನಿಜ, ಅವಳು ಹದಿನೇಳರ ಹುಡುಗಿ, ಹೆಂಗಸರ ಸಾಲಿನಲ್ಲಿ ಕಂಬಕ್ಕೆ ಒರಗಿದ್ದಳು, ಇದೇ ಕಂಬ, ಮೊದಲನೆಯ ತಪ್ಪು ನಿಜವಾದ ತಪ್ಪು, ಹೂಂ ಬರಲಿಲ್ಲ, ಸರಿ, ಎರಡನೆಯದೂ ನಿಜವೇ, ಅದೂ ಸರಿ, ಆಮೇಲೆ ಎಪ್ಪತ್ತಮೂರು ಬಂತು, ಹನುಮ ಕಡಲ ದಂಡೆಯ ಬಂಡೆಯ ಮೇಲೆ ನಿಂತಿದ್ದಾನೆ, ಅಪ್ಪ ಕಣ್ಣು ಮುಚ್ಚಿಕೊಂಡು ಹೇಳಿದ,

ನೀರ ಕಂಡನು ಹನುಮ ನೀರಿನಾಚೆಗೆ ಕಂಡ
ಊರಿದ ಪಾದ ಬಂಡೆಯಲಿ, ಹಾರೂವ
ಮುನ್ನ ತಾಯ ನೆನೆದಾನೋ

ಹೂಂ ಬರಲಿಲ್ಲ. ಗುಡಿಯೊಳಗೆ ನೊಣ ಹಾರುವ ಸದ್ದು. ಹೂಂ ಬರಲೇ ಇಲ್ಲ. ಮೂಡಲಗಿರಿಯಪ್ಪ ನೆಲ ನೋಡುತ್ತಾ ಕೂತಿದ್ದ, ಜನರಲ್ಲಿ ಗುಸುಗುಸು, ರಾಮನ ನೆನೆದಾನೋ ಅಂತ ಇರಬೇಕಲ್ವಾ, ಹನುಮಪ್ಪ ರಾಮನ್ನ ಬಿಟ್ಟು ಇನ್ಯಾರನ್ನ ನೆನೀತಾನೆ, ಪಾಪ ಮುದ್ದಪ್ಪಂಗೆ ಅರಳುಮರಳು, ತಾಯಂತೆ ತಾಯಿ. ಅಲ್ಲ, ತಾಯೇ, ತಾಯನ್ನೇ, ಕುರಿಯ ಹಿಂದೆ ಇನ್ನೂರು ಸಲ ಕೇಳಿದ್ದಳು ಅವಳು, ಯಾಕಪ್ಪ ತಾಯಿ ಅಂತ ಕೇಳಿಯೂ ಇದ್ದಳು, ರಾಮ ಸಿಕ್ಕಿದ್ದು ದೊಡ್ಡವನಾದ ಮೇಲೆ ಮಗಾ, ತನ್ನ ಶಕ್ತಿ ತಾನೇ ಮರೆತೋನಿಗೆ ಮೊದಲು ನೆಪ್ಪಾಗೋದು ಎತ್ತಿಕೊಂಡೋಳ ತೋಳು, ಆಮೇಲೆ ದೇವ್ರು, ಅಂದಿದ್ದ ಅಪ್ಪ. ಅವಳಿಗೆ ಗೊತ್ತಿತ್ತು. ಮೂಡಲಗಿರಿಯಪ್ಪನಿಗೂ ಗೊತ್ತಿತ್ತು, ಅವನು ಕಲಿತದ್ದೂ ಅದನ್ನೇ. ಅಪ್ಪ ಕಣ್ಣು ಬಿಟ್ಟು ಮೊದಲು ಶಿಷ್ಯನ ಕಡೆ ನೋಡಿದ, ಆಮೇಲೆ ಹೆಂಗಸರ ಸಾಲಿನಲ್ಲಿ ಮಗಳನ್ನು ಹುಡುಕಿದ, ಸಿಕ್ಕಳು, ಕಣ್ಣಿಗೆ ಕಣ್ಣು ಸಿಕ್ಕಿತು, ಒಂದು ಹೂಂ, ಯಾರ ಬಾಯಿಂದಾದರೂ ಒಂದು ಹೂಂ, ಅವಳು ಸೆರಗಿನ ಚುಂಗು ಬಾಯಿಗೆ ತುರುಕಿಕೊಂಡಳು, ಹೆಣ್ಣು ಹೂಂ ಅಂದರೆ ಏನಾಗುತ್ತದೋ ಅಂತ, ಅಷ್ಟೇ, ಅಷ್ಟಕ್ಕೇ. ಅಪ್ಪ ಮಣೆಯ ಅಂಚಿಗೆ ಸರಿದು ಕಾಲು ಇಳಿಬಿಟ್ಟ, ಕಣ್ಣು ಮಂಜು, ನೆಲ ಎಷ್ಟು ಕೆಳಗಿದೆ ಕಾಣದು, ಬಲಗಾಲಿನ ಹೆಬ್ಬೆರಳು, ಕಲ್ಲಿಗೆ ಎಡವಿ ಸೀಳಿದ ಉಗುರು, ಗಾಳಿಯಲ್ಲಿ ನೆಲವನ್ನು ತಡಕುತ್ತಿತ್ತು, ನೆಲಕ್ಕೆ ನಾಲ್ಕು ಬೆರಳು ಮೇಲೆ, ಅತ್ತ ಇತ್ತ, ಅತ್ತ ಇತ್ತ — ಅರವತ್ತೆರಡು, ಹೂಂ. ದೀಪಾವಳಿಗೆ ಮುಂಚೆ ಅಪ್ಪ ತೀರಿಹೋದ, ಅಲ್ಲಿಯವರೆಗೂ ಒಂದು ಮಾತಿಲ್ಲ, ನೀರು ಬೇಕು ಅಂತಲೂ ಇಲ್ಲ, ಮುಂದಿನ ಶನಿವಾರವೇ ಮಣೆಯ ಮೇಲೆ ಮೂಡಲಗಿರಿಯಪ್ಪ, ರಾಮನ ನೆನೆದಾನೋ, ಇಡೀ ಗುಡಿ ಹೂಂ.

ಅಲ್ಲಿಂದ ಪ್ರತಿ ಶ್ರಾವಣ ಎಪ್ಪತ್ತಮೂರರಲ್ಲಿ ರಾಮನ ನೆನೆದಾನೋ, ಒಮ್ಮೆ ಸುಳ್ಳು ಹೊಲಿದವನಿಗೆ ಬಿಚ್ಚುವ ದಾರಿಯಿಲ್ಲ, ಹೊಲಿಗೆ ಬಿಚ್ಚಿದರೆ ತೂತು ಕಾಣುತ್ತದೆ. ಐದು ವರ್ಷದ ಹಿಂದೆ ಹೂಂ ಅನ್ನುತ್ತಿದ್ದ ಓಬಯ್ಯ ತೀರಿಕೊಂಡ, ನೂರೆಂಟೂ ಗೊತ್ತಿರುವ ಗಂಡಸು ಊರಿನಲ್ಲಿ ಒಬ್ಬನೂ ಉಳಿದಿರಲಿಲ್ಲ, ಮೂಡಲಗಿರಿಯಪ್ಪನೇ ಹೇಳಿ ಕಳಿಸಿದ, ಮುದ್ದಪ್ಪನ ಮಗಳು ರಾಯದುರ್ಗದಾಗೆ ಅವಳೆ ಕಣ್ರಯ್ಯ, ಅವಳೇ ಬಂದು ಕೂರ್ಲಿ, ಕಾಲ ಬದಲಾತು. ಕಾಲ ಬದಲಾತಂತೆ. ಕೂತಳು. ಐದು ಶ್ರಾವಣ ಎಪ್ಪತ್ತಮೂರಕ್ಕೂ ಹೂಂ ಅಂದಳು, ಹಲ್ಲು ಕಚ್ಚಿ, ಗಂಟಲಿನಿಂದ ಅಂದಳು ಹೊಟ್ಟೆಯಿಂದಲ್ಲ, ಒಂದೇ ಒಂದು ತಪ್ಪಿಗೆ ತುಟಿ ಬಿಗಿದರೆ ತಿರುಗಿ ಅದನ್ನೇ ಹೇಳುತ್ತಾನೆ, ಹೆಂಗಸಿಗೆ ಗೊತ್ತಾಗಲಿಲ್ಲ ಅನ್ನುತ್ತಾರೆ, ಮೂರು ಬೇಕು, ಎರಡು ಅವನೇ ಕೊಡಬೇಕು, ಮೂರನೆಯದು ಅಲ್ಲೇ ಆಗಬೇಕು, ಅದೇ ಪದ ಅದೇ ಮಣೆ ಅದೇ ನೊಣದ ಸದ್ದು. ಅವನಿಗೆ ಮರೆವು ಬರುವವರೆಗೆ ಅವಳಿಗೆ ಬರಬಾರದು, ಇಷ್ಟೇ ಓಟ, ಅದಕ್ಕೇ ಎಡಗೈ, ಅದಕ್ಕೇ ಹಿಂದಿನಿಂದ ಮುಂದಕ್ಕೆ, ಅದಕ್ಕೇ ದೇವರ ಗೂಡಿನಲ್ಲಿ ಬೆಳ್ಳುಳ್ಳಿ. ಹೋದ ತಿಂಗಳು ಫೋನು ಬಂತು, ರಾಧಿಕಾ, ಅವನ ಸೊಸೆ, ಒಳ್ಳೆಯ ಹುಡುಗಿ, ಅಕ್ಕಾ, ಮಾವಂಗೆ ನೆಪ್ಪು ಕೈ ಕೊಡ್ತಾ ಐತೆ, ಬೆಳಿಗ್ಗೆ ಉಂಡಿದ್ದು ಮಧ್ಯಾಹ್ನಕ್ಕೆ ಗೊತ್ತಿರಾಕಿಲ್ಲ, ಒಂದೆಲಗದ ರಸ ಕುಡಿಸ್ತಿದೀನಿ, ಬಾದಾಮಿ ನೆನೆಸಿ ಕೊಡ್ತೀನಿ, ಬಾದಾಮಿ ತಿಂದಿದ್ದೂ ಮರೀತಾರೆ, ಇನ್ನೊಂದು ಸಲ ಕೇಳ್ತಾರೆ, ನಗಬ್ಯಾಡ ಅಕ್ಕಾ, ನಿಂಗೆ ಹೆಂಗೆ ಇಷ್ಟು ಗಟ್ಟಿ ನೆಪ್ಪು, ನೀನೇನ್ ಮಾಡ್ತೀಯ ಹೇಳು. ಹೇಳಿದಳು, ಒಂದನ್ನೂ ಮುಚ್ಚಿಡದೆ, ಎಡಗೈ ಹೇಳಿದಳು, ಲಾರಿ ನಂಬರು ಕೂಡಿಸುವುದು ಹೇಳಿದಳು, ಮಲಗುವ ಮುಂಚೆ ಇಡೀ ದಿನವನ್ನು ಸಂಜೆಯಿಂದ ಬೆಳಗಿನ ಕಡೆಗೆ ನೆನೆಸುವುದು ಹೇಳಿದಳು, ಸುಮ್ಮನೆ ಕೂರಿಸಬ್ಯಾಡ, ಮಾತಾಡಿಸು, ಹೊಸ ಮುಖ ತೋರಿಸು, ಉಪ್ಪು ಕಮ್ಮಿ ಮಾಡು, ನಡೆಸು. ಒಂದನ್ನು ಮಾತ್ರ ಹೇಳಲಿಲ್ಲ, ಕಣ್ಣು ಬಿಡುವ ಮುಂಚೆ ದಿನಾ ಬೆಳಿಗ್ಗೆ ಮಾಡುವುದನ್ನು, ರೆಪ್ಪೆಯ ಒಳಗೆ ಒಂದು ಹೆಬ್ಬೆರಳನ್ನು ತಂದು ನಿಲ್ಲಿಸಿಕೊಂಡು ಅದರ ಉಗುರಿನ ಸೀಳು ಎಡಕ್ಕೋ ಬಲಕ್ಕೋ ಅಂತ ನೋಡುವುದನ್ನು, ಎಡಕ್ಕೆ, ಇವತ್ತೂ ಎಡಕ್ಕೆ, ನೆನಪು ಹಸನಾಗಿದೆ. ಆ ಔಷಧಿ ರಾಧಿಕಾಗೆ ಎಲ್ಲಿ ಸಿಗಬೇಕು. ಫೋನಿಡುವಾಗ ಹುಡುಗಿ ಅತ್ತಳು, ಅಕ್ಕಾ, ಮಣೆಯೊಂದೇ ಕಣಕ್ಕ ಅವ್ರಿಗೆ ಉಳಿದಿರೋದು, ಎಲ್ಲಾ ಮರೆತ್ರೂ ಪದ ಮಾತ್ರ ಬಾಯಾಗೆ ಬತ್ತೈತೆ, ನೀನು ಹೂಂ ಅಂದ್ಬಿಡು, ಹೆಂಗೇ ಹೇಳಿದ್ರೂ ಹೂಂ ಅಂದ್ಬಿಡು. ನೋಡೋಣ ಬಿಡಮ್ಮ, ಅಂದಿದ್ದಳು. ಅಲ್ಲಿದ್ದಾಳೆ ನೋಡು, ಹೆಂಗಸರ ಸಾಲಿನಲ್ಲಿ, ಎರಡನೆಯ ತಪ್ಪಿನಿಂದ ಕೈ ಮುಗಿದದ್ದು ಬಿಚ್ಚಿಲ್ಲ, ಮುಗಿಯಲಿ, ಅವತ್ತು ಇವಳೂ ಮುಗಿದಿದ್ದಳು — ಎಪ್ಪತ್ತು, ಹೂಂ.

ಎಪ್ಪತ್ತೊಂದು, ಹೂಂ. ಇರುವೆ ಎಲ್ಲಿ, ಮಣೆಯ ಮೇಲೆ ಬಂದಿದೆ, ಅವನ ಪಂಚೆಯ ಅಂಚಿನಲ್ಲಿ, ಸಕ್ಕರೆ ಬಿಟ್ಟಿಲ್ಲ. ಪೂಜಾರಿ ಲೋಕನಾಥಪ್ಪ ಗರ್ಭಗುಡಿಯ ಬಾಗಿಲಲ್ಲಿ ತೂಕಡಿಸುತ್ತಿದ್ದಾನೆ, ಎಂಬತ್ತು ದಾಟಿದವನು, ಅವತ್ತೂ ಅಲ್ಲೇ ಇದ್ದ. ಎಪ್ಪತ್ತೆರಡು, ಹೂಂ, ಇದು ಕೊನೆಯ ಹೂಂ, ಇನ್ನು ತುಟಿ ಹೊಲಿದುಕೊಳ್ಳಬೇಕು, ನಾಲಿಗೆಯನ್ನು ಅಂಗುಳಿಗೆ ಒತ್ತಿದಳು, ಬೆನ್ನು ನೆಟ್ಟಗೆ ಮಾಡಿದಳು, ಅಪ್ಪಾ ಬಾ, ಕಂಬದ ಹತ್ತಿರ ಬಂದು ನಿಲ್ಲು, ನೋಡು, ಮೂಡಲಗಿರಿಯಪ್ಪ ಬಾಯಿ ತೆರೆದ, ಕಣ್ಣು ಎಲ್ಲೋ ಇದೆ, ಗುಡಿಯಲ್ಲಿ ಇಲ್ಲ, ಗುಡ್ಡದ ಮೇಲೆ ಕುರಿಯ ಹಿಂದೆ ಎಲ್ಲೋ, ಮೂವತ್ತೊಂಬತ್ತು ವರ್ಷದ ಆಚೆ ಎಲ್ಲೋ ಇರುವ ಕಣ್ಣು, ನೀರ ಕಂಡನು ಹನುಮ, ಹೇಳು, ನೀರಿನಾಚೆಗೆ ಕಂಡ, ಹೇಳು ಹೇಳು, ಊರಿದ ಪಾದ ಬಂಡೆಯಲಿ, ದನಿ ಬೇರೆಯಾಗಿದೆ, ಎಳೆಯ ದನಿ, ಪಾಠ ಒಪ್ಪಿಸುವವನ ದನಿ, ಹಾರೂವ, ಈಗ ಹೊಲಿ ನಿನ್ನ ತೇಪೆ, ಮುನ್ನ,

ತಾಯ ನೆನೆದಾನೋ.

ತಾಯ. ತಾಯ ಅಂದ. ರಾಮನ ಅನ್ನಬೇಕಿತ್ತು, ಅವನು ರಾಮನ ಅಂತಲೇ ಹೇಳುವವನು, ಮೂವತ್ತೊಂಬತ್ತು ಶ್ರಾವಣ, ಮರೆತ, ತಾನು ಹೊಲಿದದ್ದನ್ನೇ ಮರೆತ, ತೇಪೆಯ ದಾರ ಕೊಳೆತು ಬಿದ್ದು ಒಳಗಿನ ಹಳೆಯ ಬಟ್ಟೆ ಕಂಡಿತು, ಕಳ್ಳ, ಕದ್ದದ್ದನ್ನು ಮರೆತೇಬಿಟ್ಟೆಯಲ್ಲೋ, ನನಗೆ ಒಂದು ಮಾತು ಹೇಳದೆ ಮರೆತೆಯಲ್ಲ, ಈಗ ನಾನೇನು ಮಾಡಲಿ, ನಾಲಿಗೆ ಅಂಗುಳಿಗೆ ಒತ್ತಿಯೇ ಇದೆ, ಹೂಂ ಬಂದಿಲ್ಲ, ನೊಣ, ನೊಣದ ಸದ್ದು, ಹೀಗೇ ಕೂತರೆ ಸಾಕು, ಇನ್ನು ನಾಲ್ಕು ಉಸಿರು ಹೀಗೇ ಕೂತರೆ ಅವನು ಇಳಿದ, ಅದೇ ಪದ, ಅದೇ ಮಣೆ, ಕೇಳಿಕೊಂಡ ಹಾಗೇ — ಆದರೆ ತಾಯ ಅಂದದ್ದಕ್ಕೆ ತುಟಿ ಬಿಗಿದರೆ ತಾಯ ತಪ್ಪು ಅಂದ ಹಾಗೆ, ಅಪ್ಪ ತಪ್ಪು ಅಂದ ಹಾಗೆ, ಅವತ್ತು ಶಿಷ್ಯ ಅಂದ, ಇವತ್ತು ಮಗಳು ಅಂದಳು, ಎರಡನೆಯ ಸಲ ಮುದ್ದಪ್ಪನನ್ನ ಮಣೆಯಿಂದ ಇಳಿಸಿದ್ದು ಮುದ್ದಪ್ಪನ ಮಗಳೇ, ಸೆರಗಿನ ಚುಂಗು, ಬಾಯಲ್ಲಿ ಅದೇ ಚುಂಗಿನ ರುಚಿ, ಉಪ್ಪು, ಎಲ್ಲಿಂದ ಬಂತು — ಮೂಡಲಗಿರಿಯಪ್ಪ ಅವಳ ಮುಖ ನೋಡುತ್ತಿದ್ದಾನೆ, ಏನು ತಪ್ಪಿದೆ ಅಂತ ಅವನಿಗೆ ಗೊತ್ತಿಲ್ಲ, ಹೂಂ ಬರಲಿಲ್ಲ ಅನ್ನುವುದು ಗೊತ್ತು, ಮೂರು ಅನ್ನುವುದು ಗೊತ್ತು, ರಾಧಿಕಾ ಅಯ್ಯೋ ಅಂದಳು, ಅವನು ಮಣೆಯ ಅಂಚಿಗೆ ಸರಿದ, ಸರಿದು ಕಾಲು ಇಳಿಬಿಟ್ಟ, ಇಳಿ, ಇಳಿಯಬೇಡ, ಇಳಿ, ಇಳಿದವನಿಗೆ ಏನು, ಮನೆಗೆ ಹೋಗುತ್ತಾನೆ, ಬಾದಾಮಿ ತಿನ್ನುತ್ತಾನೆ, ಇಳಿದದ್ದನ್ನೂ ಮರೆಯುತ್ತಾನೆ, ನಾಳೆ ಬೆಳಿಗ್ಗೆ ನೆನಪಿಟ್ಟುಕೊಂಡು ಏಳುವವಳು ನಾನೊಬ್ಬಳೇ, ಇಲ್ಲ, ಕೂರು, ಅಲ್ಲೇ ಕೂರು ಗಿರಿಯಣ್ಣ, ಇನ್ನೂ ಶನಿವಾರಗಳಿವೆ, ಶನಿವಾರ ಶನಿವಾರ ಈ ಮಣೆಯ ಮೇಲೆ ಕೂತು ನನ್ನಪ್ಪನ ಪದ ನೀನೇ ಹೇಳು, ಜನ ಕೇಳಲಿ, ಹೊಟ್ಟೆಯಲ್ಲಿ ಏನೋ ಎದ್ದಿತು, ಮೂವತ್ತೊಂಬತ್ತು ವರ್ಷದಿಂದ ಅಲ್ಲೇ ಕೂತಿದ್ದದ್ದು, ಗಂಟಲಲ್ಲಿ ನಿಲ್ಲದೆ ಮೇಲೆ ಬಂತು, ಕಂಬಕ್ಕೆ ತಾಗಿ ಗರ್ಭಗುಡಿಯ ತನಕ ಹೋಯಿತು.

ಹೂಂ.

ಲೋಕನಾಥಪ್ಪ ತೂಕಡಿಕೆಯಿಂದ ಎಚ್ಚೆತ್ತ, ಏನಂದ್ಯೋ ಗಿರಿಯಾ, ತಾಯ ಅಂದ್ಯಾ, ಅದು ಮುದ್ದಪ್ಪ ಯೋಳಿದ್ದಲ್ವೇನೋ, ಅವತ್ತು ನೀನು ಹೂಂ ಅನ್ನದೆ ಕುಂತಿದ್ದು ಅದಕ್ಕೇ ಅಲ್ವಾ, ಸರಿಯಾಗೇ ಇತ್ತೇನೋ ಹಂಗಾದ್ರೆ, ಸರಿಯಾಗೇ ಇತ್ತಾ, ಅಂತ ಕೇಳುತ್ತಾ ಮುಂದೆ ಬಂದ, ಹೆಂಗಸರ ಸಾಲು ತಿರುಗಿತು, ಗಂಡಸರ ಸಾಲು ತಿರುಗಿತು, ಮೂಡಲಗಿರಿಯಪ್ಪನ ಕಣ್ಣು ಗುಡ್ಡದಿಂದ ಇಳಿದು ಇಳಿದು ಗುಡಿಯೊಳಗೆ ಬಂತು, ಅವಳ ಮೇಲೆ ನಿಂತಿತು, ಗುರುತು ಹಿಡಿಯಿತು, ಎಲ್ಲವನ್ನೂ ಮರೆತವನಿಗೆ ಇದೊಂದು ನೆನಪಾಯಿತು, ಬಂದೆಯಾ ಅಣ್ಣ, ಬಾ, ಎಷ್ಟು ವರ್ಷ ಕಾದೆ ನಿನಗೆ, ಎಪ್ಪತ್ತನಾಲ್ಕು ಹೇಳು, ಹೂಂ ಅಂದಿದ್ದೇನೆ, ಹೂಂ ಅಂದ ಮೇಲೆ ಮುಂದಿನ ಪದ ಹೇಳಲೇಬೇಕು, ಇಳಿಯುವ ಹಾಗಿಲ್ಲ, ಹೇಳು, ಅವನು ಹೇಳಲಿಲ್ಲ, ಬಾಯಿ ತೆರೆದೇ ಇದೆ, ಇರುವೆ ಪಂಚೆಯಿಂದ ಇಳಿದು ಮೊಣಕಾಲು ದಾಟಿ ಕಣಕಾಲಿಗೆ ಬಂತು, ಕಾಲು ಕೆಳಗೂ ಹೋಗಲಿಲ್ಲ ಮೇಲೂ ಬರಲಿಲ್ಲ, ಅವಳ ಕಣ್ಣೂ ಇರುವೆಯ ಜೊತೆ ಇಳಿಯಿತು, ಎಪ್ಪತ್ತನಾಲ್ಕು ಯಾವುದು, ಎಪ್ಪತ್ತನಾಲ್ಕು, ಹನುಮ ಹಾರಿದನೇ, ಏನೋ ಇದೆ ಎಪ್ಪತ್ತನಾಲ್ಕರಲ್ಲಿ, ಮೊದಲ ಮಾತೇ ಬರುತ್ತಿಲ್ಲ, ಬೆಳಿಗ್ಗೆ ಬಸ್ಸಿನಲ್ಲಿ ಇತ್ತಲ್ಲ, ಎಪ್ಪತ್ತನಾಲ್ಕು — ಹೆಬ್ಬೆರಳು, ನೆಲಕ್ಕೆ ನಾಲ್ಕು ಬೆರಳು ಮೇಲೆ, ಇವನ ಉಗುರಿನಲ್ಲಿ ಸೀಳಿಲ್ಲ, ಅಪ್ಪನ ಉಗುರಿನ ಸೀಳು ಎಡಕ್ಕೋ ಬಲಕ್ಕೋ, ಹೆಬ್ಬೆರಳು, ಅತ್ತ ಇತ್ತ, ಊರದ ಹೆಬ್ಬೆರಳು, ಹೆಬ್ಬೆರಳು.